ಒಂಬತ್ತು ಡಬ್ಬಿಗೆ ಮಂಗಳಾರತಿ

ನನಗೊಂದು ಕೆಟ್ಟ ಚಾಳಿಯಿದೆ. ಯಾರ ಜೊತೆ ಐದು ನಿಮಿಷ ಮಾತಾಡಿದರೂ ಆರನೆಯ ನಿಮಿಷಕ್ಕೆ ಅವರ ದನಿ ನನ್ನ ಗಂಟಲಲ್ಲಿ ಬಂದು ಕೂತಿರುತ್ತದೆ. ಇದನ್ನು ನಾನು ಕಷ್ಟಪಟ್ಟು ಕಲಿತದ್ದಲ್ಲ. ಕೆಲವರಿಗೆ ನೆಗಡಿ ಅಂಟುವ ಹಾಗೆ ನನಗೆ ದನಿ ಅಂಟುತ್ತದೆ. ಪಿರಿಯಾಪಟ್ಟಣದ ಬಸ್ ಸ್ಟ್ಯಾಂಡಿನ ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ ನನ್ನ ಕೆಲಸ. ಪಹಣಿ ತೆಗೆಸುವವರು, ಅರ್ಜಿ ತುಂಬಿಸುವವರು, ಆಧಾರಿನಲ್ಲಿ ಅಪ್ಪನ ಹೆಸರು ತಪ್ಪಾಗಿದೆ ಎಂದು ನನ್ನ ಮೇಲೆ ಕೂಗಾಡುವವರು, ಹೀಗೆ ದಿನವಿಡೀ ಜನ. ಸಂಜೆ ಮನೆಗೆ ಬರುವಾಗ ಅವರಲ್ಲಿ ಮೂರು ನಾಲ್ಕು ಜನರಾದರೂ ನನ್ನ ಜೊತೆ ಬಸ್ಸು ಹತ್ತಿಕೊಂಡು ಬಂದಿರುತ್ತಾರೆ. ಊಟಕ್ಕೆ ಕೂತಾಗ ಕಂಡಕ್ಟರನ ದನಿಯಲ್ಲಿ "ಒಳಿಕ್ಕೆ ನಡೀರಿ, ನಡೀರಿ, ಇನ್ನೂ ಜಾಗ ಅದೆ" ಎಂದು ತಟ್ಟೆ ಚಾಚುತ್ತೇನೆ. ಅವ್ವನಿಗೆ ಇದೆಲ್ಲ ರೂಢಿ. "ಇವತ್ತು ಯಾರ್ಲಾ ಬಂದವ್ರೆ ಊಟಕ್ಕೆ?" ಎಂದು ಕೇಳಿ, ಬಂದವರಿಗೆ ತಕ್ಕಂತೆ ಮುದ್ದೆ ದೊಡ್ಡದೋ ಚಿಕ್ಕದೋ ಮಾಡಿ ಇಡುತ್ತಾಳೆ. ಅಕ್ಕ ಸುಕನ್ಯ ಮಾತ್ರ, "ಊರವ್ರ ದನಿಯೆಲ್ಲ ಕೇಳಾಯ್ತು, ನಿಂದು ಯಾವ್ದು ಅಂತ ಒಂದ್ಸಲ ಕೇಳ್ಸು ಕಣೋ ಮಂಜ" ಎಂದು ಕಾಲೆಳೆಯುತ್ತಾಳೆ. ನನ್ನದು ಯಾವುದು ಎಂದು ನನಗೇ ನೆನಪಿರುವುದಿಲ್ಲ. ಇರಲಿ, ಅದು ಕೊನೆಗೆ ಬರುವ ಮಾತು.

ಈ ಚಾಳಿಗೂ ವೈಫೈಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಹೇಳುತ್ತೇನೆ. ನಮ್ಮ ಹಳ್ಳಿ ಬೆಟ್ಟದಪುರದ ಬೆಟ್ಟಕ್ಕೆ ಬೆನ್ನು ಒರಗಿಸಿ ಕೂತಿದೆ. ಮೊಬೈಲ್ ಟವರು ಬೆಟ್ಟದ ಆ ಕಡೆ, ನಾವು ಈ ಕಡೆ, ನಡುವೆ ಬೆಟ್ಟದ ತುದಿಯ ಗುಡಿಯಲ್ಲಿ ಸ್ವಾಮಿ. ಸ್ವಾಮಿಗೆ ಐದು ಕಡ್ಡಿ ಸಿಗ್ನಲ್ಲು, ಭಕ್ತರಿಗೆ ಒಂದು. ಆ ಒಂದು ಕಡ್ಡಿಯೂ ನಮ್ಮ ಮನೆಗೆ ಸಿಗಬೇಕಾದರೆ ಹಿತ್ತಿಲಲ್ಲಿ ದನ ನೀರು ಕುಡಿಯುವ ಕಲ್ಲು ತೊಟ್ಟಿಯ ಅಂಚಿನ ಮೇಲೆ ಹತ್ತಿ ನಿಲ್ಲಬೇಕು. ನಮ್ಮ ಮನೆಯ ಮದುವೆ ಮಾತುಕತೆ, ಸಾವಿನ ಸುದ್ದಿ, ಗ್ಯಾಸ್ ಬುಕಿಂಗ್ ಎಲ್ಲವೂ ಆ ತೊಟ್ಟಿಯ ಮೇಲೇ ನಡೆದಿವೆ. ಮಾತು ಹೇಗೋ ಹೋಗುತ್ತದೆ; ವಿಡಿಯೋ ಎಂದರೆ ಆಗದ ಮಾತು.

ಹೀಗಿರುವಾಗ ಊರ ಬಾಗಿಲಿನ ಹಾಲಿನ ಡೈರಿಗೆ ಕೇಬಲ್ಲಿನ ಇಂಟರ್ನೆಟ್ ಬಂತು. ಹಾಲಿನ ಫ್ಯಾಟು ಎಷ್ಟೆಂದು ಮೇಲಿನವರಿಗೆ ತಿಳಿಸಲು ಬಂದ ಇಂಟರ್ನೆಟ್ಟು. ಬೆಳಿಗ್ಗೆ ಸಂಜೆ ಒಂದೊಂದು ಗಂಟೆ ದುಡಿದು ಉಳಿದ ಹೊತ್ತೆಲ್ಲ ಸುಮ್ಮನೆ ಕೂತಿರುತ್ತಿತ್ತು. ನನಗೋ ಹೊಟ್ಟೆ ಉರಿ. ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತಿನಲ್ಲಿ ಓದಿಕೊಂಡೆ. ಯಾರು ಬೇಕಾದರೂ ಇಳಿಸಿಕೊಂಡು, ಬಿಚ್ಚಿ ನೋಡಿ, ತಿದ್ದಿಕೊಳ್ಳಬಹುದಾದ ಮುಕ್ತ ತಂತ್ರಾಂಶವೊಂದಿದೆ. ಅದನ್ನು ಪುಟ್ಟ ರೌಟರುಗಳಿಗೆ ತುಂಬಿದರೆ ಅವು ಒಂದನ್ನೊಂದು ತಾವೇ ಗುರುತು ಹಿಡಿದು ಬಲೆ ಕಟ್ಟಿಕೊಳ್ಳುತ್ತವೆ. ಇದು ಅದಕ್ಕೆ ಕೊಡುತ್ತದೆ, ಅದು ಇನ್ನೊಂದಕ್ಕೆ ಕೊಡುತ್ತದೆ. ನಡುವೆ ಒಂದು ನಿಂತರೆ ಸುತ್ತು ಹಾಕಿಕೊಂಡು ಬೇರೆ ದಾರಿಯಲ್ಲಿ ಹೋಗುತ್ತದೆ. ಹುಣಸೂರಿನ ಹಳೇ ಸಾಮಾನಿನ ಅಂಗಡಿಯಿಂದ ಒಂದು ಚೀಲ ರೌಟರು ತಂದೆ. ತಂತ್ರಾಂಶ ತುಂಬುವಾಗ ಮೊದಲ ಎರಡು ನನ್ನ ಕೈಯಲ್ಲೇ ಪ್ರಾಣ ಬಿಟ್ಟವು. ಮೂರನೆಯದು ಬದುಕಿತು. ಊರಲ್ಲಿ ಯಾರೂ ರೌಟರು ಎನ್ನುವುದಿಲ್ಲ, ಡಬ್ಬಿ ಎನ್ನುತ್ತಾರೆ. ನಾನೂ ಹಾಗೇ ಅನ್ನುತ್ತೇನೆ.

ಡಬ್ಬಿ ಕೂರಿಸಲು ಎತ್ತರದ ಜಾಗ ಬೇಕು. ನಮ್ಮೂರಲ್ಲಿ ಎತ್ತರ ಎಂದರೆ ಬ್ಯಾರನ್ನು, ಅಂದರೆ ಹೊಗೆಸೊಪ್ಪು ಬೇಯಿಸುವ ಮನೆ. ಕಿಟಕಿಯಿಲ್ಲದ ನಾಲ್ಕು ಉದ್ದ ಗೋಡೆ, ಮೇಲೊಂದು ಶೀಟು. ನಿಂತು ನೋಡಿದರೆ ಒಂದು ಬ್ಯಾರನ್ನಿನ ನೆತ್ತಿಗೆ ಇನ್ನೊಂದರ ನೆತ್ತಿ ಕಾಣುತ್ತದೆ. ಎಂಟು ಬ್ಯಾರನ್ನಿನ ನೆತ್ತಿಗೆ ಎಂಟು ಪೈಪು, ಪೈಪಿನ ತುದಿಗೊಂದೊಂದು ಡಬ್ಬಿ, ಡೈರಿಯ ಮೇಲೊಂದು. ಒಟ್ಟು ಒಂಬತ್ತು. ಡೈರಿಯಿಂದ ಹೊರಟರೆ ಕಟ್ಟಕಡೆಯ ಬ್ಯಾರನ್ನು ನಮ್ಮದು.

ಇದನ್ನು ಜನಕ್ಕೆ ತಿಳಿಸಿ ಹೇಳಿದ ಸಂಕಟ ಹೇಳತೀರದು. ಕೆಂಡಗಣ್ಣಪ್ಪ ದೊಡ್ಡಪ್ಪನಿಗೆ, "ಮನೆಗೆ ಮೋಲ್ಡು ಹಾಕೋವಾಗ ಬಾಂಡಲಿ ಕೈಯಿಂದ ಕೈಗೆ ಹೋಗಲ್ವಾ, ಹಂಗೆ" ಎಂದೆ. ದೊಡ್ಡಪ್ಪ ನಮ್ಮ ಬೀದಿಯ ಹಿರಿಯರು, ನಮ್ಮ ಬ್ಯಾರನ್ನಿಗೆ ಎದುರು ಬ್ಯಾರನ್ನಿನವರು. ಯಾವುದನ್ನೂ ಒಂದೇ ಸಲಕ್ಕೆ ಒಪ್ಪುವುದಿಲ್ಲ. ಮೀಸೆ ತಿರುವಿ ಕೇಳಿದರು.

"ಅಂಗಾದ್ರೆ ಪುಟ್ಟತಾಯಿ ನೋಡೋ ಸೀರಿಯಲ್ಲು ನಮ್ಮ ಬ್ಯಾರನ್ ಮ್ಯಾಲೇ ಓಯ್ತದಾ?"

"ಹೂಂ ದೊಡ್ಡಪ್ಪ."

"ಮತ್ತೆ ನಂಗ್ಯಾಕೆ ಕಾಣಾಕಿಲ್ಲ?"

"ಅದು ಲಕೋಟೆ ಒಳಗೆ ಅಂಟಿಸಿಕೊಂಡು ಹೋಗುತ್ತೆ."

"ನಮ್ಮನೆ ಮ್ಯಾಲೇ ಓಗ್ಬೇಕು, ನಾವು ಬಿಚ್ಚಂಗಿಲ್ಲ. ಅಂಗಾದ್ರೆ ನಾವು ಬರೀ ಬಾಂಡಲಿ ಹೊರೋರು ಅನ್ನು."

ಆ ಕಡೆ ಪುಟ್ಟತಾಯತ್ತೆಯದು ಇನ್ನೊಂದು ತಕರಾರು. "ನಮ್ಮನೆ ಮಾತು ಆ ಮೀಸೆ ಮನೆ ಮ್ಯಾಲೆ ಓಗೋದಾ? ಬ್ಯಾಡ ಬುಡು ಮಂಜ, ಬೇರೆ ದಾರೀಲಿ ಕಳ್ಸು." ಅತ್ತೆಗೂ ದೊಡ್ಡಪ್ಪನಿಗೂ ಕೋಳಿಯೊಂದರ ಸಂಬಂಧ ಮಾತು ನಿಂತು ಬಹಳ ಕಾಲವಾಗಿತ್ತು. ಡಬ್ಬಿಗೆ ಅದೆಲ್ಲ ಗೊತ್ತಾಗುವುದಿಲ್ಲ ಎಂದು ಸಮಾಧಾನ ಹೇಳಿದೆ. ಅಂತೂ ಬಲೆ ಆಯಿತು. ನನ್ನ ಲ್ಯಾಪ್‌ಟಾಪಿನಲ್ಲಿ ಒಂದು ಪುಟ ಮಾಡಿಕೊಂಡೆ. ಅದರಲ್ಲಿ ಒಂಬತ್ತು ಹೆಸರು. ಡಬ್ಬಿ ಉಸಿರಾಡುತ್ತಿದ್ದರೆ ಹೆಸರಿನ ಮುಂದೆ ಹಸಿರು ಚುಕ್ಕೆ, ನಿಂತಿದ್ದರೆ ಕೆಂಪು. ಸಂಜೆ ಹೊತ್ತು ಕಾಫಿ ಹಿಡಿದು ಆ ಒಂಬತ್ತು ಹಸಿರು ಚುಕ್ಕೆ ನೋಡುತ್ತಾ ಕೂತರೆ, ಊರಿಗೆ ಕೆರೆ ಕಟ್ಟಿಸಿದ ಪಾಳೇಗಾರನ ಗತ್ತು ನನಗೆ ಬರುತ್ತಿತ್ತು.

ಈ ಗತ್ತೇ ಎಡವಟ್ಟು ಮಾಡಿದ್ದು. ಅಕ್ಕ ಲ್ಯಾಬ್ ಟೆಕ್ನಿಷಿಯನ್. ಕೆ.ಆರ್. ನಗರದ ಒಂದು ಲ್ಯಾಬಿಗೆ ದಿನಾ ಎರಡೆರಡು ಬಸ್ಸು ಬದಲಾಯಿಸಿ ಹೋಗಿ ಬರುತ್ತಿದ್ದಳು. "ಸೂಜಿ ಹಿಡಿಯೋ ಕೈಲಿ ಬಸ್ಸಿನ ಕಂಬಿ ಹಿಡ್ಕೊಂಡೇ ಅರ್ಧ ಆಯಸ್ಸು ಹೋಯ್ತು" ಎನ್ನುತ್ತಿದ್ದಳು. ಎಚ್.ಡಿ. ಕೋಟೆಯಲ್ಲಿ ಕಾಕನಕೋಟೆ ಕಡೆಯ ಗಿರಿಜನರ ಹಾಡಿಗಳಿಗೆ ವ್ಯಾನಿನಲ್ಲಿ ಹೋಗಿ ರಕ್ತ ಪರೀಕ್ಷೆ ಮಾಡುವ ಕೆಲಸವೊಂದು ಖಾಲಿಯಿತ್ತು. ಇರಲು ಕ್ವಾರ್ಟರ್ಸೂ ಇತ್ತು. ಅರ್ಜಿ ಹಾಕಿ ಮೂರು ತಿಂಗಳಿಂದ ಅದನ್ನೇ ಕಾಯುತ್ತಿದ್ದಳು. ಆ ಕೆಲಸ ಕೊಡುವ ಸಂಸ್ಥೆಯವರು ಉತ್ತರದ ಕಡೆಯವರು. ಅವರ ಕ್ಯಾಲೆಂಡರಿನಲ್ಲಿ ಹಬ್ಬದ ರಜೆ ಎಂದರೆ ವಿಜಯದಶಮಿಯ ಒಂದೇ ದಿನ. ಹಾಗಾಗಿ ವಿಡಿಯೋದಲ್ಲಿ ಇಂಟರ್‌ವ್ಯೂ ಇಟ್ಟದ್ದು ಸರಿಯಾಗಿ ನಮ್ಮ ಆಯುಧ ಪೂಜೆಯ ದಿನ, ಮಧ್ಯಾಹ್ನ ಹನ್ನೆರಡಕ್ಕೆ. ಹೇಳಿದ ಹೊತ್ತಿಗೆ ಬಾರದಿದ್ದರೆ ಮುಂದಿನ ಹೆಸರು ಕರೆಯುತ್ತೇವೆ ಎಂದು ಬರೆದೇ ಕಳಿಸಿದ್ದರು. ಅಕ್ಕ ಹಿಂದಿನ ದಿನವೇ ಮೈಸೂರಿನ ಗೆಳತಿಯ ಮನೆಗೆ ಹೊರಟಿದ್ದಳು. ಬ್ಯಾಗು ತುಂಬಿ ಬಾಗಿಲಲ್ಲಿ ನಿಂತವಳನ್ನು ತಡೆದವನು ನಾನು. "ಊರಿಗೇ ನೆಟ್ ಕೊಟ್ಟವನ ಅಕ್ಕ ಇನ್ನೊಬ್ಬರ ಮನೆಗೆ ಹೋಗಿ ಕೂರೋದಾ? ನಮ್ಮನೆ ಹಜಾರದಲ್ಲೇ ಕೂತ್ಕೋ, ನಾನಿದೀನಿ" ಎಂದೆ. ಅಕ್ಕ ಅರೆಮನಸ್ಸಿನಿಂದ ಬ್ಯಾಗು ಒಳಗಿಟ್ಟಳು.

ಅದೇ ಸಂಜೆ ಡೈರಿಯಲ್ಲಿ ಹಾಲು ಹಾಕಲು ಬಂದವರ ನಡುವೆ ಒಂದು ಧರ್ಮಸೂಕ್ಷ್ಮ ಎದ್ದಿತು. ಡಬ್ಬಿ ಆಯುಧವೋ ಅಲ್ಲವೋ? ಆಯುಧ ಪೂಜೆ ಎಂದರೆ ನಿಮಗೆ ಗೊತ್ತಲ್ಲ, ದುಡಿಯುವ ಸಾಮಾನಿಗೆಲ್ಲ ಅಂದು ಸ್ನಾನ, ಕುಂಕುಮ, ರಜೆ. ಪೂಜೆಗೆ ಕೂತದ್ದನ್ನು ಮತ್ತೆ ಮುಟ್ಟಿ ದುಡಿಸುವಂತಿಲ್ಲ. ತೀರ್ಪಿಗೆ ಅಲ್ಲೇ ಇದ್ದ ಅಯ್ನೋರ ಮುಖ ನೋಡಿದರು. ಊರಿನ ಪೂಜೆ ಪುನಸ್ಕಾರವೆಲ್ಲ ಅವರದೇ, ಊರೆಲ್ಲ ಅವರನ್ನು ಗೌರವದಿಂದ 'ಬುದ್ಧಿ' ಎಂದೇ ಕರೆಯುತ್ತದೆ. ಮಾತಿಗೆ ಮೊದಲು ಒಂದು ಕೆಮ್ಮು, ಮಾತಿನ ನಡುವೆ ಒಂದು ಕೆಮ್ಮು, ಕೊನೆಗೆ "ಗೊತ್ತಾಯ್ತಾ ಕಣಪ್ಪ". ನನ್ನ ಗಂಟಲಿನ ಅತಿ ಹಳೆಯ ಬಾಡಿಗೆದಾರರು ಅವರು.

"ಕರೆಂಟು ತಿಂದು ದುಡಿಯೋದೆಲ್ಲ ಆಯುಧವೆಯಾ. ಗೊತ್ತಾಯ್ತಾ ಕಣಪ್ಪ" ಎಂದರು ಅಯ್ನೋರು.

"ಅಂಗಾದ್ರೆ ಆರ್ಸಿ ಪೂಜೆಗೆ ಮಡಗ್ಬೇಕಾ ಬುದ್ಧಿ?" ಎಂದಳು ಪುಟ್ಟತಾಯತ್ತೆ.

"ಫ್ರಿಜ್ಜೂ ಕರೆಂಟು ತಿಂತದೆ. ಆರ್ಸಿದ್ರೆ ಹಾಲು ಒಡೆದೋಯ್ತದಲ್ಲ?" ಎಂದರು ದೊಡ್ಡಪ್ಪ, ಅತ್ತೆಯ ಕಡೆ ನೋಡದೆ, ಹಾಲಿನ ಕ್ಯಾನಿಗೆ ಹೇಳುವವರಂತೆ.

ನಾನು ಕೈ ಮುಗಿದು, ದಯವಿಟ್ಟು ಯಾರೂ ಆರಿಸಬೇಡಿ, ನಾಳೆ ಅಕ್ಕನ ಇಂಟರ್‌ವ್ಯೂ ಇದೆ ಎಂದೆ. ಎಲ್ಲರೂ "ನೋಡವ ಬುಡು" ಎಂದರು. ನಮ್ಮ ಕಡೆ "ನೋಡವ ಬುಡು" ಎಂದರೆ ಆಗುತ್ತದೆ ಎಂದೂ ಅರ್ಥ, ಆಗುವುದಿಲ್ಲ ಎಂದೂ ಅರ್ಥ. ಅಯ್ನೋರು ಅತ್ತ ತಿರುಗಿದ್ದೇ ತಡ, ನಾನು ಒಂದು ಕೆಮ್ಮು ಕೆಮ್ಮಿ "ಫ್ರಿಜ್ಜು ಹೆಣ್ಣಾಯುಧ, ಡಬ್ಬಿ ಗಂಡಾಯುಧ, ಗೊತ್ತಾಯ್ತಾ ಕಣಪ್ಪ" ಎಂದೆ. ಡೈರಿಯೇ ನಕ್ಕಿತು. ಅಯ್ನೋರು ತಿರುಗಿ ನೋಡಲಿಲ್ಲ. ಕಿವಿ ಮಾತ್ರ ಸ್ವಲ್ಪ ಅಲ್ಲಾಡಿದ ಹಾಗೆ ಕಂಡಿತು.

ಮರುದಿನ ಬೆಳಿಗ್ಗೆ ನಮ್ಮ ಮನೆಯ ಜಗಲಿಯಲ್ಲಿ ಪೂಜೆ. ಅವ್ವನ ಕುಡುಗೋಲು, ಮಿಕ್ಸಿ, ಅಪ್ಪನ ಔಷಧಿ ಹೊಡೆಯೋ ಕ್ಯಾನು, ನನ್ನ ಬೈಕಿನ ಕೀ, ಸ್ಕ್ರೂಡ್ರೈವರು, ಒಂದು ಡಬ್ಬಿ, ಅಕ್ಕನ ಕತ್ತರಿ, ಎಲ್ಲವೂ ಚಾಪೆಯ ಮೇಲೆ ಸಾಲಾಗಿ ವಿಭೂತಿ ಬಳಿಸಿಕೊಂಡು, ಸೇವಂತಿಗೆ ಮುಡಿದುಕೊಂಡು ಕೂತಿದ್ದವು. ಲ್ಯಾಪ್‌ಟಾಪನ್ನು ಮಾತ್ರ ಅಕ್ಕ ಸೆರಗಿನಲ್ಲಿ ಬಚ್ಚಿಟ್ಟುಕೊಂಡು ಉಳಿಸಿದಳು. ನಾನು ಬಗ್ಗಿ ಎದ್ದು ನಾಲ್ಕಾರು ಫೋಟೋ ತೆಗೆಯುವಷ್ಟರಲ್ಲಿ ಪುಟ್ಟತಾಯತ್ತೆಯ ಕೂಗು ಕೇಳಿತು. ಓಡಿದೆ. ಹೋಗಿ ನೋಡಿದರೆ ಅತ್ತೆ ಪಂಪ್‌ಸೆಟ್ಟಿನ ಸ್ಟಾರ್ಟರು ಒರೆಸಿ, ಮಚ್ಚು ತೊಳೆದು, ಅದೇ ಭಕ್ತಿಯಿಂದ ಡಬ್ಬಿಯನ್ನೂ ಇಳಿಸಿಕೊಂಡು ಸೀಗೆಪುಡಿ ಹಾಕಿ ತೊಳೆದಿದ್ದಳು.

"ಧೂಳು ತಾನೇ ಇತ್ತು ಕಣ್ಲಾ. ಹಬ್ಬದ ದಿನ ಧೂಳಾಗೇ ಕುಂಕುಮ ಮಡಗನಾ?"

"ಸ್ಕ್ರೂಡ್ರೈವರ್ ಕೊಡಿ ಅತ್ತೆ, ಬಿಚ್ಚಿ ಒಣಗಿಸಬೇಕು."

"ಅದು ಪೂಜೆಗೆ ಕುಂತದೆ. ಮುಟ್ಟಂಗಿಲ್ಲ."

"ಚಾಕು?"

"ಅದೂ ಕುಂತದೆ."

ಅತ್ತೆಯ ಮನೆಯಲ್ಲಿ ಚೂಪಾದದ್ದೆಲ್ಲ ದೇವರ ಮುಂದಿತ್ತು. ಕೊನೆಗೆ ಆಕೆಯ ತಲೆಯ ಹೇರ್‌ಪಿನ್ನೊಂದು ಆಯುಧವಲ್ಲವೆಂದು ಇಬ್ಬರೂ ಒಪ್ಪಿಕೊಂಡೆವು. ಅದರಲ್ಲೇ ಬಿಚ್ಚಿ, ನೀರು ಬಗ್ಗಿಸಿ, ಟೇಬಲ್ ಫ್ಯಾನಿನ ಮುಂದೆ ಎರಡು ಗಂಟೆ ಹಿಡಿದುಕೊಂಡು ಕೂತೆ. ನಡುನಡುವೆ ಕಜ್ಜಾಯ ಬಂತು. ಮತ್ತೆ ಸಿಕ್ಕಿಸಿದಾಗ ದೀಪ ಹತ್ತಿತು. ಅತ್ತೆ ಕೆನ್ನೆ ಕೆನ್ನೆ ಬಡಿದುಕೊಂಡಳು. ಸೀಗೆಪುಡಿಯಲ್ಲಿ ಮಿಂದು ಬದುಕಿದ ರೌಟರು ಬೇರೆಲ್ಲೂ ಇರಲಾರದು ಎಂದು ಬೀಗುತ್ತಾ, ಅತ್ತೆ ಕಟ್ಟಿಕೊಟ್ಟ ಇನ್ನೆರಡು ಕಜ್ಜಾಯ ತಿನ್ನುತ್ತಾ ಮನೆಗೆ ಬಂದೆ. ಹೊತ್ತು ಹನ್ನೊಂದೂವರೆ.

ಅಕ್ಕ ರೇಷ್ಮೆ ಸೀರೆ ಉಟ್ಟು, ಹಜಾರದಲ್ಲಿ ಲ್ಯಾಪ್‌ಟಾಪಿನ ಮುಂದೆ ಕೂತಿದ್ದಳು. ಹಿಂದೆ ಗೋಡೆಗೆ ಮಡಿ ಬೆಡ್‌ಶೀಟು ಕಟ್ಟಿತ್ತು. ಕೈಯಲ್ಲಿ ಸರ್ಟಿಫಿಕೇಟಿನ ಕಡತ, ಮುಖದಲ್ಲಿ ರಕ್ತವಿಲ್ಲ.

"ಮಂಜ, ನೆಟ್ ಇಲ್ಲ ಕಣೋ."

ಪುಟ ತೆರೆದು ನೋಡಿದೆ. ಒಂಬತ್ತೂ ಕೆಂಪು. ಒಂದು ಕೆಂಪಾದರೆ ಕೆಟ್ಟಿದೆ ಎನ್ನಬಹುದು. ಒಂಬತ್ತೂ ಕೆಂಪಾದರೆ ಏನರ್ಥ? ಊರೇ ಒಂದಾಗಿ ಅಯ್ನೋರ ಮಾತು ಕಟ್ಟಿಕೊಂಡು ಆರಿಸಿದೆ ಎಂದು ತಾನೇ? ಈಗಷ್ಟೇ ದೀಪ ಹತ್ತಿಸಿ ಬಂದ ಅತ್ತೆಯದೂ ಕೆಂಪು. ಸ್ನಾನ ಮಾಡಿಸಿಕೊಂಡದ್ದು ಎಷ್ಟು ಹೊತ್ತು ಬದುಕೀತು, ಮತ್ತೆ ಸತ್ತಿರಬೇಕು ಎಂದುಕೊಂಡೆ. ನನ್ನ ಕಣ್ಣ ಮುಂದೆ ಒಂಬತ್ತು ಮನೆಯ ಒಂಬತ್ತು ಅಪರಾಧಿಗಳು ಸಾಲಾಗಿ ನಿಂತರು.

"ಮೈಸೂರಿಗೆ ಹೋಗೋಳ್ನ ಹಿಡ್ಕೊಂಡು ಕೂರಿಸ್ದೆ" ಎಂದಳು ಅಕ್ಕ. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಕಡತದ ದಾರವನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು, ಮತ್ತೆ ಸುತ್ತುವುದು, ಇಷ್ಟೇ ಮಾಡುತ್ತಿದ್ದಳು. ಅವ್ವ ಅಡುಗೆಮನೆ ಬಾಗಿಲಲ್ಲಿ ನಿಂತು, "ಇನ್ನೂ ಮೂರು ವರ್ಸ ಕಂಬಿ ಹಿಡ್ಕಂಡೇ ಓಗ್ಲಿ ಬುಡು" ಎಂದು ಒಲೆಯ ಕಡೆ ತಿರುಗಿಕೊಂಡಳು.

ಮನೆಮನೆಗೂ ಓಡಲು ಹೊತ್ತಿರಲಿಲ್ಲ. ತೊಟ್ಟಿ ಹತ್ತಿದೆ. ಎದುರು ಬ್ಯಾರನ್ನಿನ ದೊಡ್ಡಪ್ಪ ಹಾಕಿಸಿದರೆ ಉಳಿದವರನ್ನು ಅವರೇ ಗದರಿಸಿ ಹಾಕಿಸುತ್ತಾರೆ ಎಂದು ನನ್ನ ಲೆಕ್ಕ. ಆದರೆ ಮಂಜನ ಮಾತನ್ನು ಅವರು ಎಂದು ಕೇಳಿದ್ದಾರೆ? ಹಬ್ಬದ ದಿನ ಊರು ಕೇಳುವ ದನಿ ಒಂದೇ. ಅದು ನನ್ನ ಗಂಟಲಲ್ಲೇ ಇತ್ತು. ದೊಡ್ಡಪ್ಪನೋ ಯಾರ ನಂಬರೆಂದು ನೋಡಿ ಫೋನು ಎತ್ತುವವರಲ್ಲ. ಫೋನು ಹಚ್ಚಿ, ಒಂದು ಕೆಮ್ಮು ಕೆಮ್ಮಿದೆ.

"ಕೆಂಡಗಣ್ಣಪ್ಪಾ, ನಾನು ಅಯ್ನೋರು ಕಣಪ್ಪ. ಗಳಿಗೆ ಮುಗುದದೆ. ಡಬ್ಬಿಗೆ ರಜೆ ಸಾಕು, ಈಗ ಹಾಕ್ಬುಡು. ಊರ್ಗೂ ಯೋಳ್ಬುಡು. ಗೊತ್ತಾಯ್ತಾ ಕಣಪ್ಪ."

ಆ ಕಡೆಯಿಂದ ದೊಡ್ಡಪ್ಪನ ದನಿ, ಬಹಳ ವಿನಯವಾಗಿ ಬಂತು. "ಆಗ್ಲಿ ಬುದ್ಧಿ. ವಸಿ ಇರಿ ಬುದ್ಧಿ, ಇಲ್ಲೊಬ್ರು ನಿಮ್ತಾವ ಮಾತಾಡ್ಬೇಕಂತೆ."

ಒಂದು ಕೆಮ್ಮು. ನಾನು ಕೆಮ್ಮಿದ್ದಲ್ಲ.

"ನಮಸ್ಕಾರ ಬುದ್ಧಿ" ಎಂದಿತು ಆ ಕಡೆಯ ದನಿ. ಚುರುಕು ದನಿ, ಒಂದು ಮಾತಿನ ಮೇಲೆ ಇನ್ನೊಂದು ಬೀಳುವ ದನಿ. "ನಾನು ಮಂಜ ಬುದ್ಧಿ, ಡಬ್ಬಿ ಮಂಜ, ಅದು ಲಕೋಟೆ ಒಳಗೆ ಹೋಗುತ್ತೆ ಬುದ್ಧಿ, ಯಾರೂ ಆರಿಸಬೇಡಿ ಬುದ್ಧಿ, ನಾನಿದೀನಲ್ಲ ಬುದ್ಧಿ." ಹಿಂದೆ ದೊಡ್ಡಪ್ಪನ ಮನೆಯವರೆಲ್ಲ ನಗುವುದು ಕೇಳಿಸಿತು. ಅಯ್ನೋರು ಅಲ್ಲೇ ಒಬ್ಬಟ್ಟಿನ ಮುಂದೆ ಕೂತಿದ್ದರು.

ನಾನು ಕ್ಷಮಿಸಿ ಬುದ್ಧಿ ಎಂದೆ. ಯಾವ ದನಿಯಲ್ಲಿ ಎಂದೆನೋ ಗೊತ್ತಿಲ್ಲ. ಅಕ್ಕನ ವಿಷಯ ತೊದಲಿದೆ. ಅಯ್ನೋರು ತಮ್ಮ ದನಿಗೆ ಮರಳಿದರು.

"ಅಲ್ಲ ಕಣ್ಲಾ, ಇಲ್ಲಿ ನೆಟ್ಟು ಉರೀತಾನೇ ಅದೆಯಲ್ಲ. ಮೈಸೂರು ಅರಮನೆ ಪೂಜೇನ ಫೋನಲ್ಲಿ ನೋಡ್ತಾ ಕುಂತಿದೀವಿ. ನೆನ್ನೆ ನೀನು ಕೈ ಮುಗ್ದು ಕೇಳ್ದೆ, ಸುಕನ್ಯಂಗೆ ಪರೀಕ್ಷೆ ಅದೆ ಅಂತ. ಅದ್ಕೇ ಎಲ್ರ ಮನೇಲೂ ಉರಿಯೋ ಡಬ್ಬಿಗೇ ಮಂಗಳಾರ್ತಿ ಮಾಡ್ಸಿವ್ನಿ. ಪುಟ್ಟತಾಯಿ ಒಬ್ಳು ತೊಳ್ದ್ಳಂತೆ, ಅದೂ ಉರೀತಾ ಅದೆ."

"ಮತ್ತೆ ನನಗೆ ಒಂಬತ್ತೂ ಕೆಂಪು ತೋರಿಸ್ತಿದೆ ಬುದ್ಧಿ."

ಫೋನು ದೊಡ್ಡಪ್ಪನ ಕೈಗೆ ಹೋಯಿತು. "ಲೋ ಮಂಜ, ಬೆಳಿಗ್ಗೆಯಿಂದ ನೋಡ್ತಾ ಇವ್ನಿ, ನಿಮ್ಮ ಬ್ಯಾರನ್ ನೆತ್ತಿ ಮ್ಯಾಲೆ ಡಬ್ಬಿನೇ ಇಲ್ವಲ್ಲ. ಕಾಗೆ ಕುಂತದೆ."

ತಲೆ ಎತ್ತಿ ನೋಡಿದೆ. ನಮ್ಮ ಬ್ಯಾರನ್ನಿನ ಪೈಪಿನ ತುದಿಯಲ್ಲಿ ಕಾಗೆಯೊಂದು ಯಾವ ಸಿಗ್ನಲ್ಲೂ ಇಲ್ಲದೆ ಕೂತಿತ್ತು. ಆ ಡಬ್ಬಿ ಎಲ್ಲಿ ಹೋಯಿತೆಂದು ನಿಮಗೆ ಆಗಲೇ ಗೊತ್ತಾಗಿರಬೇಕು. ಬೆಳಿಗ್ಗೆ ನಾನೇ ಏಣಿ ಹತ್ತಿ ಇಳಿಸಿದ್ದೆ. ಊರಿಗೆಲ್ಲ ಆರಿಸಬೇಡಿ ಎಂದವನು, ನನ್ನದನ್ನು ಮಾತ್ರ ಹತ್ತೇ ಹತ್ತು ನಿಮಿಷ, ಸೇವಂತಿಗೆ ಮುಡಿಸಿ ಒಂದು ಫೋಟೋ ತೆಗೆದು ಮತ್ತೆ ಏರಿಸುತ್ತೇನೆ ಎಂದು ಇಳಿಸಿದ್ದೆ. ಅಷ್ಟರಲ್ಲಿ ಅತ್ತೆ ಕೂಗಿದಳು, ಹೇರ್‌ಪಿನ್ನು ಬಂತು, ಕಜ್ಜಾಯ ಬಂತು. ನಮ್ಮ ಮನೆಗೆ ಊರಿನ ದಾರಿ ಇರುವುದೇ ಆ ಒಂದು ಡಬ್ಬಿಯಿಂದ. ಅದು ಆರಿದರೆ ನನ್ನ ಪುಟಕ್ಕೆ ಊರಲ್ಲಿ ಯಾರೂ ಕಾಣುವುದಿಲ್ಲ. ಊರೆಲ್ಲ ಹಸಿರಾಗಿಯೇ ಇತ್ತು. ಆರಿ ಕೂತವನು ನಾನೊಬ್ಬನೇ. ಪಟ್ಟಿಯ ಕೊನೆಯ ಹೆಸರು ನಮ್ಮದೇ, ಅದೂ ಕೆಂಪಾಗಿಯೇ ಇತ್ತು. ಒಂಬತ್ತನ್ನೂ ಎಣಿಸಿದ್ದ ನಾನು ಆ ಒಂದು ಹೆಸರನ್ನು ಮಾತ್ರ ಓದಿರಲಿಲ್ಲ.

ತೊಟ್ಟಿಯಿಂದ ನೇರ ಜಗಲಿಗೆ ಹಾರಿದೆ. ಪೂಜೆಗೆ ಕೂತದ್ದನ್ನು ಮುಟ್ಟಬೇಡವೋ ಎಂದು ಅವ್ವ ಅಡ್ಡ ಬಂದಳು. ಅಕ್ಕ ಅವ್ವನ ಕೈ ಹಿಡಿದು, "ದ್ಯಾವ್ರು ನನ್ನ ಲೆಕ್ಕಕ್ಕೆ ಬರ್ಕೊಳ್ಳಿ ಬುಡವ್ವ" ಎಂದಳು. ವಿಭೂತಿ, ಕುಂಕುಮ, ಹೂವಿನ ಹಾರದ ಸಮೇತ ಡಬ್ಬಿಯನ್ನು ಎದೆಗವಚಿಕೊಂಡು, ಹಬ್ಬದ ಬಿಳಿ ಪಂಚೆಯಲ್ಲಿ ಏಣಿ ಹತ್ತಿದೆ. ಕಾಗೆ ಜಾಗ ಬಿಡಲು ಸ್ವಲ್ಪ ಚೌಕಾಸಿ ಮಾಡಿತು. ವೈರು ಸಿಕ್ಕಿಸಿದೆ. ಈ ಡಬ್ಬಿಗಳು ಎದ್ದು ಕಣ್ಣುಜ್ಜಿಕೊಳ್ಳಲು ಎರಡು ನಿಮಿಷ ಬೇಕು. ನೆತ್ತಿಯ ಶೀಟಿನ ಮೇಲೆ ಕಾದ ಬಾಣಲೆಯಲ್ಲಿ ಹಪ್ಪಳ ಕೂತ ಹಾಗೆ ಕೂತು ಎಣಿಸಿದೆ. ಕೆಳಗಿನಿಂದ ಅಕ್ಕನ ದನಿ ಬಂತು. "ಗುಡ್ ಆಫ್ಟರ್‌ನೂನ್ ಸರ್." ನಾನು ಅಲ್ಲೇ ಪೈಪು ಹಿಡಿದುಕೊಂಡು ಕಣ್ಣು ಮುಚ್ಚಿದೆ. ಮುಕ್ಕಾಲು ಗಂಟೆ ಇಳಿಯಲಿಲ್ಲ. ಇಳಿದರೆ ಎಲ್ಲಿ ವೈರು ಅಲ್ಲಾಡೀತೋ ಎಂಬ ಭಯ. ಎದುರು ಬ್ಯಾರನ್ನಿನ ಅಂಗಳದಲ್ಲಿ ದೊಡ್ಡಪ್ಪ, ಅಯ್ನೋರು ಕುರ್ಚಿ ಹಾಕಿಸಿಕೊಂಡು, ಅರಮನೆಯ ಪೂಜೆ ಬಿಟ್ಟು ನನ್ನನ್ನು ನೋಡುತ್ತಾ ಕೂತರು. ಕೋಳಿ ಜಗಳ ಮರೆತು ಪುಟ್ಟತಾಯತ್ತೆಯೂ ಬಂದು ಅವರ ಪಕ್ಕ ನಿಂತಳು. ಅದೊಂದು ಪುಣ್ಯ ನನ್ನ ಹೆಸರಿಗಿರಲಿ.

ಅಕ್ಕನಿಗೆ ಕೆಲಸ ಸಿಕ್ಕಿತು. ಈಗ ಎಚ್.ಡಿ. ಕೋಟೆಯಲ್ಲಿದ್ದಾಳೆ, ಕಂಬಿ ಹಿಡಿಯುವುದು ತಪ್ಪಿದೆ. ಹೋಗುವ ಮುನ್ನ ನನ್ನ ಲ್ಯಾಪ್‌ಟಾಪಿನ ಮೇಲೆ ಒಂದು ಚೀಟಿ ಅಂಟಿಸಿ ಹೋದಳು: "ಎಲ್ಲ ಕೆಂಪು ಕಂಡರೆ ಮೊದಲು ಕಾಗೆ ನೋಡು." ಅಯ್ನೋರಿಗೆ ಮಾತ್ರ ಆ ದಿನದಿಂದ ಹೊಸ ಚಾಳಿ ಅಂಟಿಕೊಂಡಿದೆ. ಸಂಜೆ ಡೈರಿಯಲ್ಲಿ ಹಾಲು ಹಾಕುವವರು "ಬುದ್ಧಿ, ವಸಿ ಮಂಜನ್ನ ಮಾಡಿ" ಎಂದು ಕೇಳುತ್ತಾರಂತೆ, ಅವರು ಮಾಡುತ್ತಾರಂತೆ. ಮೊನ್ನೆ ದೊಡ್ಡಪ್ಪನ ಡಬ್ಬಿ ಯಾಕೋ ಕೆಂಪು ತೋರಿಸಿತು. ಮೊದಲು ಹೊರಗೆ ಬಂದು ಕಾಗೆ ನೋಡಿದೆ, ಇರಲಿಲ್ಲ. ತೊಟ್ಟಿ ಹತ್ತಿ ಫೋನು ಮಾಡಿ, ಯಾವ ಕಲಬೆರಕೆಯೂ ಇಲ್ಲದ ನನ್ನ ಸ್ವಂತ ದನಿಯಲ್ಲಿ, "ದೊಡ್ಡಪ್ಪ, ನಾನು ಮಂಜ, ನಿಮ್ಮ ಡಬ್ಬಿಗೆ ಕರೆಂಟ್ ಹೋಗಿದೆಯಾ ನೋಡಿ" ಎಂದೆ. ದೊಡ್ಡಪ್ಪ ಒಂದು ಗಳಿಗೆ ಕಿವಿಗೊಟ್ಟು ಕೇಳಿ, ನಕ್ಕರು.

"ಇವತ್ತು ಯಾಕೋ ಅಷ್ಟು ಚೆನ್ನಾಗಿ ಬರ್ನಿಲ್ಲ ಬುಡಿ ಬುದ್ಧಿ. ನೆನ್ನೆ ಡೈರೀಲಿ ಮಾಡಿದ್ದೇ ಥೇಟ್ ಮಂಜ ಇದ್ದಂಗಿತ್ತು."